ಡಾಂಬರಿನಲ್ಲಿ ಉಳಿದ ಶಕ್ತಿ ಕಾಡುದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ?

2017ರಲ್ಲಿ ನೈಕಿ ಕಂಪನಿ ಒಂದು ಓಟದ ಶೂ ಬಿಟ್ಟಿತು. ಹೆಸರು ವೇಪರ್‌ಫ್ಲೈ 4%. ಎಷ್ಟು ಲಾಭ ಅನ್ನುವುದನ್ನು ಹೆಸರಿನಲ್ಲೇ ಬರೆದುಬಿಟ್ಟಿದ್ದರು. ಅಲ್ಲಿಂದ ಈಚೆಗೆ ಓಟದ ಶೂಗಳ ಮಾತೆಲ್ಲ ಶೇಕಡಾ ಲೆಕ್ಕದಲ್ಲೇ ನಡೆಯುತ್ತಿದೆ. ಈಗ ಅದೇ ಭಾಷೆ ಕಾಡುದಾರಿಯ ಶೂಗಳಿಗೂ ಬಂದಿದೆ. ದಪ್ಪ ಫೋಮು, ಒಳಗೊಂದು ಕಾರ್ಬನ್ ಪ್ಲೇಟು ಇರುವ ಟ್ರೇಲ್ ಶೂಗಳನ್ನು ದೊಡ್ಡ ಕಂಪನಿಗಳು ಸಾಲುಗಟ್ಟಿ ಮಾರುತ್ತಿವೆ.

ಆ ಅಂಕಿಯನ್ನು ನಾವು ಶೂವಿನ ಗುಣ ಅಂತ ಓದುತ್ತೇವೆ. ತೂಕ, ಬಣ್ಣ, ಸೈಜಿನ ಹಾಗೆ ಅದೂ ಡಬ್ಬದೊಳಗೇ ಬರುತ್ತದೆ ಅಂತ. ನನಗೆ ತಕರಾರು ಇರುವುದು ಇಲ್ಲೇ. ಶೂ, ಓಡುವ ವೇಗ, ಕಾಲಡಿಯ ನೆಲ ಈ ಮೂರೂ ಕೂಡಿದಾಗ ಮಾತ್ರ ಹುಟ್ಟುವ ಅಂಕಿ ಅದು. ಒಂದನ್ನು ಬದಲಾಯಿಸಿದರೂ ಲೆಕ್ಕ ಬೇರೆಯಾಗುತ್ತದೆ. ಕೆಲವು ಸಲ ತಲೆಕೆಳಗೇ ಆಗುತ್ತದೆ.

ಶೇ. 4 ಬಂದದ್ದು ಎಲ್ಲಿಂದ?

ಮೊದಲು ಅಳತೆ ಹೇಗೆ ಮಾಡಿದರು ನೋಡೋಣ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರಾಜರ್ ಕ್ರಾಮ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯವಿತ್ತು. ಅಲ್ಲಿ ವೌಟರ್ ಹೂಗ್‌ಕಾಮರ್ ಮತ್ತು ಸಂಗಡಿಗರು 18 ಗಂಡಸರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಸಾಮಾನ್ಯ ಓಟಗಾರರಲ್ಲ, 10 ಕಿ.ಮೀ.ಯನ್ನು 31 ನಿಮಿಷಕ್ಕಿಂತ ಬೇಗ ಮುಗಿಸುವ ತಾಕತ್ತಿನವರು. ಗಂಟೆಗೆ 14, 16, 18 ಕಿ.ಮೀ. ವೇಗ. ಹೊಸ ಶೂವಿನ ಜೊತೆ ಹೋಲಿಸಿದ್ದು ಆ ಕಾಲದ ಎರಡು ಪ್ರಸಿದ್ಧ ಮ್ಯಾರಥಾನ್ ಶೂಗಳನ್ನು. ಹಗುರ ಶೂವಿಗೆ ಸುಮ್ಮನೆ ಲಾಭ ಸಿಗಬಾರದು ಅಂತ ಮೂರರ ತೂಕವನ್ನೂ ಸಮ ಮಾಡಿದ್ದರು.

ಅಳೆದದ್ದು ಓಟದ ಮೈಲೇಜನ್ನು. ಒಂದೇ ವೇಗದಲ್ಲಿ ಹೋಗುವಾಗ ಯಾವ ಗಾಡಿ ಕಡಿಮೆ ಪೆಟ್ರೋಲು ಕುಡಿಯುತ್ತದೆ ಅಂತ ನೋಡುತ್ತೇವಲ್ಲ, ಹಾಗೆ. ಇಲ್ಲಿ ಪೆಟ್ರೋಲಿನ ಜಾಗದಲ್ಲಿ ಆಮ್ಲಜನಕ. ಮುಖಕ್ಕೆ ನಳಿಗೆ ಕಟ್ಟಿ, ಒಳಗೆ ಹೋದ, ಹೊರಗೆ ಬಂದ ಉಸಿರನ್ನು ಅಳೆದು, ಮೈ ಎಷ್ಟು ಶಕ್ತಿ ಖರ್ಚು ಮಾಡಿತು ಅಂತ ಲೆಕ್ಕ ಹಾಕುತ್ತಾರೆ. ಸರಾಸರಿ ಉಳಿತಾಯ ಶೇ. 4 ಬಂತು. ಒಬ್ಬೊಬ್ಬರಿಗೆ ಬೇರೆ ಬೇರೆ. ಕೆಲವರಿಗೆ ಶೇ. 2ಕ್ಕಿಂತ ಕಡಿಮೆ, ಕೆಲವರಿಗೆ ಶೇ. 6ರ ಮೇಲೆ. ಅಧ್ಯಯನಕ್ಕೆ ದುಡ್ಡು ಹಾಕಿದ್ದು ನೈಕಿ ಅನ್ನುವುದನ್ನು ಮರೆಯಬಾರದು. ಹಾಗಂತ ಅದು ಸುಳ್ಳು ಅಧ್ಯಯನವೇನಲ್ಲ. ಬೇರೆ ಪ್ರಯೋಗಾಲಯಗಳೂ ನೋಡಿದವು. ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಯಿತು, ಲಾಭವಂತೂ ಕಂಡಿತು.

ಇನ್ನೊಂದು ಮಾತು. ಶಕ್ತಿ ಶೇ. 4 ಉಳಿದರೆ ಸಮಯವೂ ಶೇ. 4 ಉಳಿಯುತ್ತದೆ ಅಂತಲ್ಲ. ವೇಗ ಹೆಚ್ಚಾದಂತೆ ಗಾಳಿಯ ಅಡ್ಡಿಯೂ ಹೆಚ್ಚುತ್ತದೆ. ಮ್ಯಾರಥಾನ್ ದಾಖಲೆಯ ವೇಗದಲ್ಲಿ ಓಡುವವರಿಗೆ ಶೇ. 4ರ ಉಳಿತಾಯದಿಂದ ಸಿಗುವ ವೇಗ ಸುಮಾರು ಅದರ ಮೂರರಲ್ಲಿ ಎರಡು ಭಾಗ. ಅಷ್ಟಾದರೂ ಆ ಮಟ್ಟದಲ್ಲಿ ಅದು ಬಹಳ ದೊಡ್ಡದು.

ಫೋಮು, ಪ್ಲೇಟು, ತೂಕ

ಲಾಭಕ್ಕೆ ಕಾರಣ ಏನು? ಹೆಚ್ಚಿನವರು ಕಾರ್ಬನ್ ಪ್ಲೇಟು ಅನ್ನುತ್ತಾರೆ. ಜಾಹೀರಾತೂ ಹಾಗೇ ಹೇಳುತ್ತದೆ. ನಿಜವಾದ ಬಂಡವಾಳ ಇರುವುದು ಫೋಮಿನಲ್ಲಿ. ಹಳೆಯ ಶೂಗಳಲ್ಲಿ ಇದ್ದದ್ದು ಇವಿಎ ಫೋಮು. ಕೊಲರಾಡೊ ಅಳತೆಯಲ್ಲಿ ಅಂಥ ಶೂ, ತುಳಿದಾಗ ತೆಗೆದುಕೊಂಡ ಶಕ್ತಿಯಲ್ಲಿ ಸುಮಾರು ಶೇ. 66ನ್ನು ಮರಳಿ ಕೊಟ್ಟಿತು. ಅಡಿಡಾಸ್‌ನ ಬೂಸ್ಟ್ ಫೋಮು ಸುಮಾರು ಶೇ. 76. ವೇಪರ್‌ಫ್ಲೈಯ ಪೆಬಾಕ್ಸ್ ಫೋಮು (ಪೆಬಾ ಅಂತಲೂ ಕರೆಯುತ್ತಾರೆ) ಶೇ. 87. ಅದು ಮೆತ್ತಗೂ ಇತ್ತು. ಹಾಗಾಗಿ ಜಾಸ್ತಿ ಒತ್ತಿಕೊಂಡು, ಜಾಸ್ತಿ ಶಕ್ತಿ ಹಿಡಿದು, ಅದರ ದೊಡ್ಡ ಪಾಲನ್ನು ವಾಪಸ್ ಕೊಡುತ್ತದೆ. ಹಗುರವೂ ಆದ್ದರಿಂದ ದಪ್ಪವಾಗಿ ಹಾಕಿದರೂ ಭಾರ ಆಗುವುದಿಲ್ಲ.

ಪ್ಲೇಟಿನ ಪಾತ್ರ ಎಷ್ಟು? ಇದನ್ನು ತಿಳಿಯಲು ಹೂಗ್‌ಕಾಮರ್ ಮತ್ತು ಹೀಲಿ ಒಂದು ಸರಳ ಉಪಾಯ ಮಾಡಿದರು. ವೇಪರ್‌ಫ್ಲೈ ಶೂಗಳನ್ನೇ ತೆಗೆದುಕೊಂಡು ಒಳಗಿನ ಪ್ಲೇಟನ್ನು ಅಡ್ಡಡ್ಡ ಕತ್ತರಿಸಿದರು. ಶೂ ಬಾಗುವ ಬಿಗಿತನ ಬಹಳಷ್ಟು ಹೋಯಿತು. ಆದರೆ ಶಕ್ತಿಯ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪ್ಲೇಟು ಸ್ಪ್ರಿಂಗಿನ ಹಾಗೆ ನಮ್ಮನ್ನು ಮುಂದಕ್ಕೆ ಎಸೆಯುತ್ತದೆ ಅನ್ನುವ ಕಥೆಗೆ ಇದು ಒಳ್ಳೆಯ ಪೆಟ್ಟು. ಹಾಗಂತ ಪ್ಲೇಟು ದಂಡ ಅಂತಲೂ ಅಲ್ಲ. ಅಷ್ಟು ಮೆತ್ತಗಿನ, ಅಷ್ಟು ದಪ್ಪದ ಫೋಮಿಗೆ ಒಂದು ಬೆನ್ನೆಲುಬು ಬೇಕು. ಪೂರ್ತಿ ಕಿತ್ತು ಹಾಕಿದರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಇನ್ನು ತೂಕ. ಇದೇ ಕೊಲರಾಡೊ ಗುಂಪು 2016ರಲ್ಲಿ ಓಟಗಾರರಿಗೆ ಹೇಳದೆ ಶೂಗಳೊಳಗೆ ಸೀಸದ ಗುಂಡು ಸೇರಿಸಿ ಓಡಿಸಿತು. ಒಂದೊಂದು ಶೂವಿಗೆ 100 ಗ್ರಾಂ ಹೆಚ್ಚಾದಾಗ ಶಕ್ತಿಯ ಖರ್ಚು ಸುಮಾರು ಶೇ. 1 ಏರಿತು. 3,000 ಮೀಟರ್ ಓಟದ ಸಮಯ ಸುಮಾರು ಶೇ. 0.8 ಕೆಟ್ಟಿತು. ಈ 'ನೂರು ಗ್ರಾಮಿಗೆ ಶೇ. 1' ಅನ್ನುವ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಕೆಸರಿನ ಮಾತು ಬಂದಾಗ ಬೇಕಾಗುತ್ತದೆ.

ಹಗುರವಾಗಿದ್ದಷ್ಟೂ ಒಳ್ಳೆಯದಾದರೆ ಬರಿಗಾಲೇ ಎಲ್ಲಕ್ಕಿಂತ ಒಳ್ಳೆಯದಲ್ವಾ? 2010ರ ಆಸುಪಾಸಿನಲ್ಲಿ ಜಗತ್ತಿಡೀ ಹಾಗೆ ನಂಬಿದ ಒಂದು ಕಾಲವಿತ್ತು. ಉದಾಹರಣೆಗಳೂ ಕೈಯಲ್ಲೇ ಇದ್ದವು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದ. ನಮ್ಮ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೆ ಹೆಸರಾದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಮಾಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ದಶಕಗಳ ಕಾಲ ಅಲುಗಲಿಲ್ಲ. ಆದರೆ ಇದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡೇ ಓಡಿ, ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಚಿನ್ನ ಗೆದ್ದ. ಪ್ರಯೋಗಾಲಯದಲ್ಲೂ ಬರಿಗಾಲಿಗೆ ಹಗುರ ಶೂಗಿಂತ ಲಾಭ ಕಾಣಲಿಲ್ಲ. ಯಾಕೆಂದರೆ ಮೆತ್ತೆ ಇಲ್ಲದಿದ್ದಾಗ ಆ ಕೆಲಸವನ್ನು ಕಾಲಿನ ಸ್ನಾಯುಗಳೇ ಮಾಡಬೇಕು. ಅದಕ್ಕೂ ಶಕ್ತಿ ಬೇಕು. ಟ್ರೆಡ್‌ಮಿಲ್ ಪಟ್ಟಿಗೇ 10 ಮಿ.ಮೀ. ಫೋಮು ಅಂಟಿಸಿ ಬರಿಗಾಲಿನಲ್ಲಿ ಓಡಿಸಿದಾಗ ಖರ್ಚು ಶೇ. 1.6 ಇಳಿಯಿತು.

ಈ ಕೊನೆಯ ಪ್ರಯೋಗ ನನಗೆ ಬಹಳ ಇಷ್ಟ. ಫೋಮು ಇದ್ದದ್ದು ಶೂವಿನಲ್ಲಲ್ಲ, ನೆಲದಲ್ಲಿ. ಕಾಲಿಗೆ ಅದು ಯಾವುದಾದರೂ ಒಂದೇ.

ನಿಮ್ಮ ವೇಗ ಎಷ್ಟು?

ನೆಲದ ವಿಷಯಕ್ಕೆ ಹೋಗುವ ಮುಂಚೆ ವೇಗದ ಮಾತು ಮುಗಿಸಿಬಿಡೋಣ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟಕ್ಕೆ ಬರುವ ಸಾವಿರಾರು ಜನರಲ್ಲಿ ಒಂದು ಗಂಟೆಯೊಳಗೆ ಮುಗಿಸಿದರೆ ಸಾಕು ಅಂದುಕೊಂಡವರು ಬಹಳ ಮಂದಿ. ಅಂದರೆ ಗಂಟೆಗೆ 10 ಕಿ.ಮೀ. ವೇಗ. 2023ರಲ್ಲಿ ಪ್ರಕಟವಾದ ಡಸ್ಟಿನ್ ಜೂಬರ್ಟ್ ತಂಡದ ಅಧ್ಯಯನ ಇದೇ ವೇಗವನ್ನು ನೋಡಿತು. ವೇಪರ್‌ಫ್ಲೈಯ ಆಮೇಲಿನ ಮಾದರಿ ಹಾಕಿಕೊಂಡವರಿಗೆ ಗಂಟೆಗೆ 12 ಕಿ.ಮೀ. ವೇಗದಲ್ಲಿ ಸರಾಸರಿ ಉಳಿತಾಯ ಶೇ. 1.4. 10 ಕಿ.ಮೀ. ವೇಗದಲ್ಲಿ ಶೇ. 0.9. ಒಂದು ಗಂಟೆಯ ಓಟದಲ್ಲಿ ಸುಮಾರು ಅರ್ಧ ನಿಮಿಷ ಅಂದುಕೊಳ್ಳಿ. ನೀರಿನ ಟೇಬಲ್ ಹತ್ತಿರ ನಿಂತು ಕುಡಿದರೆ ಮುಗಿಯಿತು. ಕೆಲವರಿಗಂತೂ ಲಾಭದ ಬದಲು ನಷ್ಟವೇ ಆಗಿತ್ತು.

ವೇಗದ ಓಟಗಾರರಿಗೆಲ್ಲ ಲಾಭ ಗ್ಯಾರಂಟಿ ಅಂತಲೂ ಹೇಳುವ ಹಾಗಿಲ್ಲ. ಮೆಲಾನಿ ನಾಪ್ ಮತ್ತು ಸಂಗಡಿಗರು 2023ರಲ್ಲಿ ಕೀನ್ಯಾದ ವಿಶ್ವ ಮಟ್ಟದ ಓಟಗಾರರನ್ನೂ ಯುರೋಪಿನ ಹವ್ಯಾಸಿಗಳನ್ನೂ ಇಂಥ ಶೂಗಳಲ್ಲಿ ಓಡಿಸಿ ನೋಡಿದರು. ಕೀನ್ಯಾದವರಲ್ಲಿ ಶೇ. 11ರಷ್ಟು ಲಾಭ ಕಂಡದ್ದೂ ಉಂಟು, ಶೇ. 11ರಷ್ಟು ನಷ್ಟ ಕಂಡದ್ದೂ ಉಂಟು. ಇಷ್ಟು ಅಂತರವಿರುವಾಗ ಸರಾಸರಿ ಅನ್ನುವ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಏರು, ಇಳಿಜಾರು

ಈಗ ಟ್ರೆಡ್‌ಮಿಲ್ಲನ್ನು ಸ್ವಲ್ಪ ಎತ್ತೋಣ. ಕ್ರಾಮ್ ಅವರ ತಂಡವೇ ಈ ಕೆಲಸ ಮಾಡಿತು. 3 ಡಿಗ್ರಿ ಏರು, 3 ಡಿಗ್ರಿ ಇಳಿಜಾರು. ನಮ್ಮ ಫ್ಲೈಓವರುಗಳ ಏರನ್ನು ಮನಸ್ಸಿಗೆ ತಂದುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ. ಸಮನೆಲದಲ್ಲಿ ಶೇ. 3.8 ಇದ್ದ ಉಳಿತಾಯ ಏರಿನಲ್ಲಿ ಶೇ. 2.8ಕ್ಕೆ ಇಳಿಯಿತು. ಇಳಿಜಾರಿನಲ್ಲಿ ಶೇ. 2.7.

ಕಾರಣ ಊಹಿಸುವುದು ಕಷ್ಟವಲ್ಲ. ಸಮನೆಲದಲ್ಲಿ ಓಡುವುದೆಂದರೆ ಪುಟಿಯುತ್ತಾ ಸಾಗುವುದು. ಪ್ರತಿ ಹೆಜ್ಜೆಗೂ ಮೈ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಇಳಿದಾಗ ಸಿಕ್ಕ ಶಕ್ತಿಯನ್ನು ಸ್ನಾಯುರಜ್ಜುಗಳೂ ಫೋಮೂ ಹಿಡಿದಿಟ್ಟು ವಾಪಸ್ ಕೊಡುತ್ತವೆ. ಏರಿನಲ್ಲಿ ಪುಟಿತ ಕಡಿಮೆ, ಎತ್ತುವ ಕೆಲಸ ಜಾಸ್ತಿ. ಮೈಯನ್ನು ಮೇಲಕ್ಕೆ ಎತ್ತುವುದು ಸ್ನಾಯುವಿನ ದುಡಿಮೆ. ಅದನ್ನು ಯಾವ ಫೋಮೂ ಮಾಡಿಕೊಡುವುದಿಲ್ಲ. ಇಳಿಜಾರಿನಲ್ಲಿ ಶಕ್ತಿ ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಅಲ್ಲಿ ಬೇಕಿರುವುದು ಬ್ರೇಕು.

3 ಡಿಗ್ರಿ ಅನ್ನುವುದು ಬೆಟ್ಟದ ಲೆಕ್ಕದಲ್ಲಿ ಏನೂ ಅಲ್ಲ. ಇಟಲಿಯ ಆಲ್ಬರ್ಟೊ ಮಿನೆಟ್ಟಿ 2002ರಲ್ಲಿ ಬೆಟ್ಟದ ಓಟಗಾರರನ್ನು ಕಡಿದಾದ ಏರಿಳಿತಗಳಲ್ಲಿ ಅಳೆದರು. 100 ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲಿ ಖರ್ಚು ಸಮನೆಲದ ಒಂದೂವರೆ ಪಟ್ಟು ದಾಟುತ್ತದೆ. 45 ಮೀಟರ್ ಏರುವ ದಾರಿಯಲ್ಲಿ ಐದು ಪಟ್ಟಿಗಿಂತ ಜಾಸ್ತಿ. ಇಳಿಯುವಾಗ ಖರ್ಚು ತಗ್ಗುತ್ತಾ ಹೋಗಿ, 100ಕ್ಕೆ 20ರ ಇಳಿಜಾರಿನ ಹತ್ತಿರ ಸಮನೆಲದ ಅರ್ಧಕ್ಕೆ ಬರುತ್ತದೆ. ಅದಕ್ಕಿಂತ ಕಡಿದಾದರೆ ಮತ್ತೆ ಏರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ, ಕುದುರೆಮುಖದ ಕಡೆಯ ಏರು ಕಂಡವರಿಗೆ ಗೊತ್ತು, ಅಂಥ ಕಡೆ ಒಳ್ಳೊಳ್ಳೆಯ ಓಟಗಾರರೂ ತೊಡೆಯ ಮೇಲೆ ಕೈಯಿಟ್ಟು ನಡೆಯುತ್ತಾರೆ. ನಡೆಯುವವರ ಶೂವಿನಲ್ಲಿ ಪುಟಿಯುವ ಫೋಮು ಇದ್ದರೂ ಒಂದೇ, ಬಿಟ್ಟರೂ ಒಂದೇ.

ಉಬ್ಬುತಗ್ಗು ನೆಲ ತಿನ್ನುವ ಪಾಲು

ನನ್ನ ವಾದಕ್ಕೆ ದೊಡ್ಡ ಬಲ ಕೊಡುವುದು 2015ರ ಒಂದು ಅಧ್ಯಯನ. ಅಲೆಕ್ಸಾಂಡ್ರಾ ವೊಲೊಶಿನಾ ಮತ್ತು ಡೇನಿಯಲ್ ಫೆರಿಸ್ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಅಂಟಿಸಿದರು. ಎತ್ತರದ ವ್ಯತ್ಯಾಸ ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಇಂಚು. ಅಷ್ಟಕ್ಕೇ ಓಟದ ಖರ್ಚು ಶೇ. 5 ಏರಿತು.

ಒಂದು ಇಂಚಿನ ಉಬ್ಬುತಗ್ಗು ಶೇ. 5 ತಿನ್ನುತ್ತದೆ. ಜಗತ್ತಿನ ದುಬಾರಿ ಶೂ ಉಳಿಸುವುದು ಶೇ. 4. ಕಾಡುದಾರಿಯಲ್ಲಿ ಒಂದು ಇಂಚು ಅಂದರೆ ನಯವಾದ ದಾರಿ ಅಂತಲೇ ಲೆಕ್ಕ. ಬೇರು, ಕಲ್ಲು, ದನಗಳ ಗೊರಸಿನ ಗುಂಡಿ, ಮಳೆನೀರು ಕೊರೆದ ಕೊರಕಲು ಎಲ್ಲ ಸೇರಿದರೆ ಎಷ್ಟಾಗಬಹುದು? ಬೆಂಗಳೂರಿನ ಫುಟ್‌ಪಾತಿನಲ್ಲೂ ಇಷ್ಟು ಏರುಪೇರು ಧಾರಾಳವಾಗಿ ಸಿಗುತ್ತದೆ. ರಸ್ತೆ ಓಟ ಅನ್ನುವ ಹೆಸರಿದ್ದ ಮಾತ್ರಕ್ಕೆ ನೆಲ ಬರ್ಲಿನ್ ಮ್ಯಾರಥಾನಿನ ನಯವಾದ ರಸ್ತೆಯಾಗುವುದಿಲ್ಲ.

ಖರ್ಚು ಏರುವುದು ಯಾಕೆ? ನೆಲ ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕಾಲು ಪ್ರತಿ ಹೆಜ್ಜೆಗೂ ಸಿದ್ಧವಾಗಿರಬೇಕು. ಮಂಡಿ, ಸೊಂಟದ ಸುತ್ತಲಿನ ಸ್ನಾಯುಗಳು ಜಾಸ್ತಿ ಬಿಗಿಯುತ್ತವೆ. ಹೆಜ್ಜೆಯ ಅಗಲ, ಉದ್ದ ಪದೇ ಪದೇ ಬದಲಾಗುತ್ತದೆ. ಪುಟಿತದ ಲಯ ಕೂಡಿಬರುವುದೇ ಇಲ್ಲ. ಲಯವಿಲ್ಲದ ಕಡೆ ಫೋಮು ವಾಪಸ್ ಕೊಟ್ಟ ಶಕ್ತಿ ಬೇಕಾದ ಹೊತ್ತಿಗೆ, ಬೇಕಾದ ದಿಕ್ಕಿಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಓರೆ ಕಲ್ಲಿನ ಮೇಲೆ ತುಳಿದರೆ ಅದೇ ಫೋಮು ಪಾದವನ್ನು ಪಕ್ಕಕ್ಕೆ ತಳ್ಳುತ್ತದೆ.

ನೆಲ ಕಿತ್ತುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಉಂಟು. 1977ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಮೆಕ್‌ಮಹಾನ್ ಮತ್ತು ಪೀಟರ್ ಗ್ರೀನ್ ಲೆಕ್ಕಾಚಾರ ಹಾಕಿ ಒಂದು ಒಳಾಂಗಣ ಟ್ರ್ಯಾಕ್ ಕಟ್ಟಿಸಿದರು. ಮನುಷ್ಯರ ಕಾಲಿನ ಪುಟಿತಕ್ಕೆ ಹೊಂದುವಷ್ಟೇ ಅದು ಬಾಗುತ್ತಿತ್ತು. ಅಲ್ಲಿ ಓಟಗಾರರ ಸಮಯ ಸುಧಾರಿಸಿತು, ಗಾಯಗಳು ಇಳಿದವು. 2002ರಲ್ಲಿ ಏಮಿ ಕೆರ್ಡಾಕ್ ಮತ್ತು ಸಂಗಡಿಗರು ಬೇರೆ ಬೇರೆ ಬಿಗಿತನದ ಹಲಗೆಗಳ ಮೇಲೆ ಓಡಿಸಿ ನೋಡಿದಾಗ, ಗಟ್ಟಿ ಹಲಗೆಗೂ ಚೆನ್ನಾಗಿ ಪುಟಿಯುವ ಹಲಗೆಗೂ ಶೇ. 12ರ ವ್ಯತ್ಯಾಸ ಬಂತು. ಸೂಪರ್ ಶೂ ಅಂತ ಕರೆಯುವ ಈ ಫೋಮು, ಪ್ಲೇಟಿನ ಶೂ ಉಳಿಸುವುದರ ಮೂರು ಪಟ್ಟು!

ಇದರ ಹಿಂದೆ ಇನ್ನೊಂದು ಸೋಜಿಗವಿದೆ. ನೆಲ ಮೆತ್ತಗಾದರೆ ನಮ್ಮ ಕಾಲು ತಾನೇ ಗಟ್ಟಿಯಾಗುತ್ತದೆ. ನೆಲ ಗಟ್ಟಿಯಾದರೆ ಕಾಲು ಸ್ವಲ್ಪ ಸಡಿಲವಾಗುತ್ತದೆ. ಫೆರಿಸ್ ಮತ್ತು ಕ್ಲೇರ್ ಫಾರ್ಲಿ 1999ರಲ್ಲಿ ತೋರಿಸಿದ ಹಾಗೆ, ಓಟಗಾರ ಹೊಸ ನೆಲದ ಮೇಲೆ ಇಡುವ ಮೊದಲ ಹೆಜ್ಜೆಯಲ್ಲೇ ಈ ಹೊಂದಾಣಿಕೆ ಆಗಿಬಿಡುತ್ತದೆ. ಅಂದರೆ ಶೂ, ನೆಲ, ಕಾಲು ಮೂರನ್ನೂ ದೇಹ ಒಂದೇ ವ್ಯವಸ್ಥೆಯಾಗಿ ನಡೆಸುತ್ತದೆ. ಮೆತ್ತಗಿನ ಹುಲ್ಲಿನ ಮೇಲೆ ಮೆತ್ತಗಿನ ಶೂ ಹಾಕಿದರೆ ಎರಡರ ಲಾಭವೂ ಕೂಡಿ ಬರುತ್ತದೆ ಅಂತ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಅದೂ ಅಲ್ಲದೆ ಹುಲ್ಲು, ಸಡಿಲ ಮಣ್ಣು ಪುಟಿಯುವುದಿಲ್ಲ. ಒತ್ತಿದ್ದನ್ನು ನುಂಗಿಕೊಂಡು ಸುಮ್ಮನಾಗುತ್ತವೆ.

ನುಂಗುವುದರಲ್ಲಿ ಎಲ್ಲಕ್ಕಿಂತ ಮುಂದೆ ಮರಳು. ಬೆಲ್ಜಿಯಂನ ಲೆಜೂನ್, ವಿಲೆಮ್ಸ್, ಹೆಗ್ಲುಂಡ್ 1998ರಲ್ಲಿ ಅಳೆದ ಪ್ರಕಾರ ಮರಳಿನಲ್ಲಿ ಓಡಲು ಗಟ್ಟಿ ನೆಲದ 1.6 ಪಟ್ಟು ಶಕ್ತಿ ಬೇಕು. ಪಾದ ಹೂತು ಮರಳನ್ನು ಸರಿಸುತ್ತದೆ. ಆ ಕೆಲಸದ ಫಲ ಯಾವುದೂ ಓಟಗಾರನಿಗೆ ಮರಳುವುದಿಲ್ಲ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಓಡುವವರು ಅಲೆ ಬಂದು ಹೋದ ಒದ್ದೆ ಮರಳಿನ ಪಟ್ಟಿಯನ್ನೇ ಹಿಡಿದು ಓಡುತ್ತಾರೆ. ಶೂ ಬದಲಾಯಿಸುವುದಕ್ಕಿಂತ ಹತ್ತು ಅಡಿ ಪಕ್ಕಕ್ಕೆ ಸರಿಯುವುದೇ ಅಲ್ಲಿ ದೊಡ್ಡ ಉಳಿತಾಯ.

ಹಾಗಾದರೆ ಟ್ರೇಲ್ ಶೂ ಮಾಡಬೇಕಾದ ಕೆಲಸ ಏನು?

ಹಿಡಿತ. ಮೊದಲನೆಯದೂ ಅದೇ, ಎರಡನೆಯದೂ ಅದೇ. ಪಾದ ಹಿಂದಕ್ಕೆ ಜಾರಿದಷ್ಟೂ ನಾವು ತಳ್ಳಿದ ಶಕ್ತಿ ಹಾಳು. ಜಾರುತ್ತೇನೋ ಅನ್ನುವ ಭಯ ಇದ್ದರೂ ಹಾಳು. ಹೆಜ್ಜೆ ಚಿಕ್ಕದಾಗುತ್ತದೆ, ಮೈ ಬಿಗಿಯುತ್ತದೆ, ಇಳಿಜಾರಿನಲ್ಲಿ ಪುಕ್ಕಟೆ ಸಿಗಬೇಕಾದ ವೇಗವನ್ನು ನಾವೇ ಬ್ರೇಕು ಹಾಕಿ ಕಳೆಯುತ್ತೇವೆ. ಈ ನಷ್ಟ ಶೇ. 1, 2ರ ಲೆಕ್ಕದ್ದಲ್ಲ.

ರಬ್ಬರಿನ ಹಲ್ಲುಗಳಿರುವ ಅಟ್ಟೆ ಹುಟ್ಟಿದ್ದೇ ಒಂದು ಬೆಟ್ಟದ ದುರಂತದಿಂದ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ವಿಟಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಸಂಗಡಿಗರು ಸತ್ತರು. ಅವರ ಪಾದರಕ್ಷೆಗಳು ಆ ಹವಾಮಾನಕ್ಕೆ ತಕ್ಕುದಾಗಿರಲಿಲ್ಲ. ಬ್ರಮಾನಿ ಟೈರ್ ಕಂಪನಿ ಪಿರೆಲ್ಲಿಯ ಬೆಂಬಲದಿಂದ ಹೊಸ ರಬ್ಬರ್ ಅಟ್ಟೆ ತಯಾರಿಸಿದರು. ಇವತ್ತು ಎಷ್ಟೋ ಟ್ರೇಲ್ ಶೂಗಳ ಅಡಿಯಲ್ಲಿ ಹಳದಿ ಗುರುತಿನಲ್ಲಿ ಕಾಣುವ ವೈಬ್ರಮ್ ಅನ್ನುವ ಹೆಸರು ಅವರ ಹೆಸರಿನಿಂದಲೇ ಬಂದದ್ದು.

ಹಿಡಿತಕ್ಕೂ ನೆಲಕ್ಕೂ ಇರುವ ಸಂಬಂಧ ಸ್ವಲ್ಪ ಸಂಕೀರ್ಣ. ಮೆತ್ತಗಿನ ಮಣ್ಣಿನಲ್ಲಿ ಉದ್ದ ಹಲ್ಲು ಬೇಕು, 5 ಮಿ.ಮೀ.ಗಿಂತ ಮೇಲೆ. ಅವು ಮಣ್ಣಿಗೆ ಇಳಿದು ಕಚ್ಚಿಕೊಳ್ಳುತ್ತವೆ. ಆದರೆ ಅದೇ ಶೂ ಹಾಕಿಕೊಂಡು ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಕಾಲಿಟ್ಟರೆ ಉದ್ದ ಹಲ್ಲುಗಳು ಕೆಲಸಕ್ಕೆ ಬರುವುದಿಲ್ಲ. ಬಂಡೆಯೊಳಗೆ ಹಲ್ಲು ಇಳಿಯುತ್ತದೆಯೇ? ಅಲ್ಲಿ ಬೇಕಿರುವುದು ಬಂಡೆಗೆ ಜಾಸ್ತಿ ತಗಲುವ, ಮೆತ್ತಗಿನ, ಅಂಟಿಕೊಳ್ಳುವ ರಬ್ಬರು. ಅಂಥ ರಬ್ಬರು ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಗಟ್ಟಿ ಒಣ ದಾರಿಗೆ 3 ಅಥವಾ 4 ಮಿ.ಮೀ. ಹಲ್ಲು ಸಾಕು. ಜಾಸ್ತಿ ಆದರೆ ಗೂಟಗಳ ಮೇಲೆ ಓಡಿದ ಹಾಗೆ ಅನಿಸುತ್ತದೆ. ಮಲೆನಾಡಿನ ಕಷ್ಟ ಏನೆಂದರೆ ಇವೆಲ್ಲ ಒಂದೇ ದಾರಿಯಲ್ಲಿ ಬರುತ್ತವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟದಲ್ಲಿ ಜೀಪು ಓಡಾಡಿದ ಗಟ್ಟಿ ಮಣ್ಣು, ತರಗೆಲೆ, ಕಲ್ಲು ಚೆಲ್ಲಿದ ಇಳಿಜಾರು, ಹುಲ್ಲುಗಾವಲು ಒಂದರ ಹಿಂದೊಂದು ಸಿಗುತ್ತವೆ. ಎಲ್ಲದಕ್ಕೂ ಸರಿಹೊಂದುವ ಅಟ್ಟೆ ಅನ್ನುವುದು ಇಲ್ಲ. ಎಲ್ಲಿ ಜಾಸ್ತಿ ಹೊತ್ತು ಇರುತ್ತೀರಿ, ಎಲ್ಲಿ ಬಿದ್ದರೆ ಜಾಸ್ತಿ ಪೆಟ್ಟು ಅಂತ ನೋಡಿ ಆರಿಸಬೇಕು.

ಈಗ ಕೆಸರು. ಬಯಲುಸೀಮೆಯ ಕಪ್ಪು ಎರೆ ಮಣ್ಣಿನ ಹೊಲದ ದಾರಿಯಲ್ಲಿ ಮಳೆ ಬಿದ್ದ ಮಾರನೇ ದಿನ ಓಡಿ ನೋಡಿ. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಹೆಜ್ಜೆಗೆ ಅಟ್ಟೆಯ ಅಡಿಯಲ್ಲಿ ಇನ್ನೊಂದು ಅಟ್ಟೆ ಬೆಳೆಯುತ್ತದೆ. ಒಂದೊಂದು ಶೂವಿಗೆ 400 ಗ್ರಾಂ ಮಣ್ಣು ಅಂಟಿತು ಅಂದುಕೊಳ್ಳಿ, ಅದೇನೂ ಅತಿಶಯದ ಮಾತಲ್ಲ. ನೂರು ಗ್ರಾಮಿಗೆ ಶೇ. 1ರ ಲೆಕ್ಕದಲ್ಲಿ ಫೋಮು ಉಳಿಸಬಹುದಾಗಿದ್ದ ಶೇ. 4 ಪೂರ್ತಿ ಹೋಯಿತು. ಜಾರುವುದರ ಖರ್ಚು ಇನ್ನೂ ಬೇರೆ. ಇಂಥ ಮಣ್ಣಿಗೆ ಹಲ್ಲುಗಳ ಉದ್ದಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯ. ದೂರ ದೂರ ಇದ್ದರೆ ಮಣ್ಣು ಉದುರುತ್ತದೆ. ಒತ್ತೊತ್ತಾಗಿದ್ದರೆ ಗಾರೆ ಮೆತ್ತಿದ ಹಾಗೆ ತುಂಬಿಕೊಂಡು ಹಲ್ಲೇ ಇಲ್ಲದಂತಾಗುತ್ತದೆ. ಶೂವಿನ ಮೇಲ್ಬಟ್ಟೆಯೂ ಹಾಗೇ. ತೊರೆ ದಾಟಿದ ಮೇಲೆ ನೀರು ಬೇಗ ಹೊರಹೋಗದಿದ್ದರೆ ಅದೂ ಹೊರೆಯೇ. ನೀರು ಒಳಗೆ ಬಾರದ ವಾಟರ್‌ಪ್ರೂಫ್ ಶೂ ನಮ್ಮ ಮಳೆಗಾಲಕ್ಕೆ ಯಾಕೆ ಬೇಡ ಅಂದರೆ, ಮೇಲಿನಿಂದ ಒಳಗೆ ಹೋದ ನೀರು ಹೊರಗೂ ಬರುವುದಿಲ್ಲ.

ಅಟ್ಟೆಯ ದಪ್ಪದ ವಿಷಯದಲ್ಲಿ ಎರಡೂ ಕಡೆ ವಾದವಿದೆ. ಅಟ್ಟೆ ಎತ್ತರವಾದಷ್ಟೂ ಓರೆ ಕಲ್ಲಿನ ಮೇಲೆ ಪಾದ ಹೊರಳಿದಾಗ ಕಣಕಾಲಿನ ಮೇಲೆ ಬೀಳುವ ತಿರುಚು ಬಲ ಜಾಸ್ತಿ. ನೆಲದ ಸುಳಿವೂ ಪಾದಕ್ಕೆ ಸರಿಯಾಗಿ ಸಿಗುವುದಿಲ್ಲ. ಇಂಗ್ಲೆಂಡಿನ ಬೆಟ್ಟಗಳಲ್ಲಿ ಫೆಲ್ ಓಟ ಓಡುವವರು ತೆಳು ಅಟ್ಟೆ, ಉದ್ದ ಹಲ್ಲಿನ ಶೂಗಳನ್ನೇ ನೆಚ್ಚಿಕೊಂಡಿರುವುದು ಇದಕ್ಕೇ. ಆದರೆ ದಪ್ಪ ಅಟ್ಟೆ ಬೆಟ್ಟಕ್ಕೆ ಪರದೇಶಿಯೇನಲ್ಲ. 2009ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಹೊಕಾ ಕಂಪನಿ ದಪ್ಪ ಅಟ್ಟೆ ತಂದದ್ದೇ ಆಲ್ಪ್ಸ್‌ನ ಇಳಿಜಾರುಗಳಿಗಾಗಿ. ತಾಸುಗಟ್ಟಲೆ ಇಳಿದಾಗ ತೊಡೆಗೆ ಬೀಳುವ ಪೆಟ್ಟು ತಗ್ಗಲಿ ಅಂತ. ಆ ಶೂಗಳ ತಳ ಅಗಲವಾಗಿತ್ತು, ಪಾದ ಫೋಮಿನೊಳಗೆ ಸ್ವಲ್ಪ ಕುಳಿತಿರುತ್ತಿತ್ತು. ರಸ್ತೆಯ ಸೂಪರ್ ಶೂಗಳು ಎತ್ತರವನ್ನು ತೆಗೆದುಕೊಂಡು ಅಗಲವನ್ನು ಬಿಟ್ಟವು. ಅವಕ್ಕೆ ಹಗುರತನ ಬೇಕಿತ್ತು, ನೇರ ದಾರಿ ಇತ್ತು. 160 ಕಿ.ಮೀ. ದಾಟುವ ಅಲ್ಟ್ರಾ ಓಟಗಳಲ್ಲಿ ಕೊನೆಯ ಹೊತ್ತಿಗೆ ಪ್ರಶ್ನೆ ಶಕ್ತಿಯ ಖರ್ಚಿನದಲ್ಲ, ತೊಡೆ ಉಳಿದಿದೆಯೋ ಇಲ್ಲವೋ ಅನ್ನುವುದು. ಅಲ್ಲಿ ದಪ್ಪ ಫೋಮು ಗೆಲ್ಲುತ್ತದೆ. ಕಾರಣ ಮಾತ್ರ ಡಬ್ಬದ ಮೇಲಿನ ಕಾರಣ ಅಲ್ಲ.

ಟ್ರೇಲ್ ಶೂವಿನ ಪ್ಲೇಟಿನ ಬಗ್ಗೆಯೂ ಒಂದು ಗೊಂದಲವಿದೆ. ಹಿಂದಿನಿಂದಲೂ ಎಷ್ಟೋ ಟ್ರೇಲ್ ಶೂಗಳಲ್ಲಿ ಬಾಗುವ ಪ್ಲಾಸ್ಟಿಕ್ ಹಾಳೆ ಇರುತ್ತಿತ್ತು. ಚೂಪು ಕಲ್ಲು ಪಾದಕ್ಕೆ ಚುಚ್ಚದಿರಲಿ ಅಂತ. ಅದಕ್ಕೂ ರಸ್ತೆ ಶೂವಿನ ಬಿಗಿ ಕಾರ್ಬನ್ ಪ್ಲೇಟಿಗೂ ಸಂಬಂಧವಿಲ್ಲ. ಬಿಗಿ ಪ್ಲೇಟು ಕಲ್ಲಿನ ಆಕಾರಕ್ಕೆ ಹೊಂದಿಕೊಳ್ಳದೆ ಅದರ ಮೇಲೆ ತೊನೆಯುತ್ತದೆ. ಅದಕ್ಕೇ ಕೆಲವು ಕಂಪನಿಗಳು ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಪಟ್ಟಿ ಹಾಕುತ್ತಿವೆ, ಕೆಲವು ಪ್ಲೇಟನ್ನು ಸೀಳಿ ಹಾಕುತ್ತಿವೆ.

ನೆಲಕ್ಕೆ ತಕ್ಕ ನಿಯಮ

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮವೂ ಈಗ ನೆಲ ನೋಡಿ ಮಾತಾಡುತ್ತದೆ. ರಸ್ತೆ ಓಟಕ್ಕೆ ಅಟ್ಟೆ 40 ಮಿ.ಮೀ. ಮೀರಬಾರದು, ಬಿಗಿ ಪ್ಲೇಟು ಒಂದೇ ಇರಬೇಕು ಎಂದು 2020ರಲ್ಲಿ ಹೇಳಿತು. 2024ರ ನವೆಂಬರಿನಿಂದ ಟ್ರ್ಯಾಕಿನಲ್ಲಿ 20 ಮಿ.ಮೀ. ಮಿತಿ. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಡೆರಾರಾ ಹುರಿಸಾ ಮೊದಲು ಗುರಿ ಮುಟ್ಟಿದರೂ ಅಟ್ಟೆ 50 ಮಿ.ಮೀ. ಇತ್ತೆಂದು ಗೆಲುವು ಕಳೆದುಕೊಂಡ. ಒಂದು ಸೆಂಟಿಮೀಟರಿಗೆ! ನಮ್ಮಂಥವರ ಅಟ್ಟೆಯನ್ನು ಯಾರೂ ಅಳೆಯಲು ಬರುವುದಿಲ್ಲ ಬಿಡಿ.

ನಮಗೆ ತಟ್ಟುವುದು ಬೆಲೆ. ಪೆಬಾ ಫೋಮು, ಕಾರ್ಬನ್ ಪ್ಲೇಟಿನ ಶೂಗಳು ಇಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಸ್ಪೇನಿನ ವಿಕ್ಟರ್ ರೊಡ್ರಿಗೊ-ಕರಾಂಜಾ ಮತ್ತು ಸಂಗಡಿಗರ ಅಧ್ಯಯನದಲ್ಲಿ ಸುಮಾರು 450 ಕಿ.ಮೀ. ಓಡಿದ ಮೇಲೆ ಪೆಬಾ ಫೋಮು ಹಳೆಯ ಇವಿಎ ಫೋಮಿನ ಮೇಲೆ ಹೊಂದಿದ್ದ ಮುನ್ನಡೆಯನ್ನು ಕಳೆದುಕೊಂಡಿತು. ಭಾಗಾಕಾರ ಮಾಡಿದರೆ ಕಿ.ಮೀ.ಗೆ 44 ರೂಪಾಯಿ. ಆಟೋದ ಬಾಡಿಗೆಗಿಂತ ಜಾಸ್ತಿಯಾಯಿತು. ಗಾಯದ ಮಾತೂ ಇದೆ. 2023ರಲ್ಲಿ ಅಮೆರಿಕ, ಜರ್ಮನಿಯ ಕ್ರೀಡಾ ವೈದ್ಯರ ತಂಡವೊಂದು ಕಾರ್ಬನ್ ಪ್ಲೇಟಿನ ಶೂ ಬಳಸುತ್ತಿದ್ದ ಐವರಲ್ಲಿ ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆಗೆ ಒತ್ತಡದ ಗಾಯವಾದುದನ್ನು ವರದಿ ಮಾಡಿತು. ಐದು ಜನರಿಂದ ದೊಡ್ಡ ತೀರ್ಮಾನ ಮಾಡಲಾಗದು. ಆದರೆ ಹೊಸ ಶೂವಿಗೆ ದಿಢೀರನೆ ಹೋಗದೆ ವಾರಕ್ಕೊಂದು ಚಿಕ್ಕ ಓಟದಿಂದ ಶುರು ಮಾಡಿ ಅನ್ನುವ ಸಲಹೆಗೆ ಅಷ್ಟು ಸಾಕು.

ಶೂ ನಿಮಗೆ ಹೊಂದುತ್ತದೆಯೋ ಇಲ್ಲವೋ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದೇ? ರಸ್ತೆಯಲ್ಲಿ ಕಷ್ಟ. ಕೈಗಡಿಯಾರ ತೋರಿಸುವ ಎದೆಬಡಿತ ನಿದ್ದೆ, ಬಿಸಿಲು, ಕಾಫಿ ಅಂತ ದಿನದಿನಕ್ಕೂ ಬದಲಾಗುತ್ತದೆ. ಶೇ. 1, 2ರ ಲಾಭ ಆ ಏರಿಳಿತದೊಳಗೇ ಮುಚ್ಚಿಹೋಗುತ್ತದೆ. 'ಈ ಶೂ ಹಾಕಿಕೊಂಡರೆ ಹಾರುತ್ತೇನೆ' ಅನ್ನುವುದರಲ್ಲಿ ಹೊಸ ಶೂವಿನ ಹುಮ್ಮಸ್ಸು ಎಷ್ಟು, ಫೋಮು ಎಷ್ಟು ಅಂತ ಬಿಡಿಸಿ ಹೇಳಲಾಗದು. ಕಾಡುದಾರಿಯಲ್ಲಿ ಮಾತ್ರ ಪರೀಕ್ಷೆ ಸುಲಭ, ಯಾಕೆಂದರೆ ಅಲ್ಲಿ ವ್ಯತ್ಯಾಸಗಳು ದೊಡ್ಡವು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಇಳಿಜಾರು ಆರಿಸಿ, ಅರ್ಧ ಕಿ.ಮೀ. ಇದ್ದರೂ ಸಾಕು. ಒಂದು ಜೊತೆ ಶೂ ಹಾಕಿ ಇಳಿಯಿರಿ, ಆಮೇಲೆ ಇನ್ನೊಂದು ಹಾಕಿ ಇಳಿಯಿರಿ, ಮತ್ತೆ ಮೊದಲನೆಯದು. ಜೋರಾಗಿ ಓಡಲು ಹೋಗಬೇಡಿ, ಮೈ ಒಪ್ಪಿದಷ್ಟು ವೇಗ ಸಾಕು. ಸಮಯ ಬರೆದಿಟ್ಟುಕೊಳ್ಳಿ. ಮಳೆ ಬಂದ ಮಾರನೇ ದಿನ ಅದೇ ಜಾಗದಲ್ಲಿ ಇನ್ನೊಮ್ಮೆ ಮಾಡಿ. ಎರಡೂ ದಿನ ಒಂದೇ ಶೂ ಗೆಲ್ಲುವುದು ಅಪರೂಪ.